ಖೋ ಖೋ ತಂಡಕ್ಕೆ ಮನೆಯವರನ್ನು ಸೇರಿಸಿಕೊಂಡದ್ದು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ಹೆಣ್ಣುಮಕ್ಕಳ ಖೋ ಖೋ ತಂಡ ನನ್ನ ಹೊಣೆ. ನಮ್ಮಲ್ಲಿ ಓಡಬಲ್ಲ ಹುಡುಗಿಯರಿಗೆ ಬರವಿಲ್ಲ, ಸಂಜೆಯ ಒಂದು ಗಂಟೆಗೇ ಬರ. ವಲಯ ಮಟ್ಟದ ಕ್ರೀಡಾಕೂಟ ಬರುವ ಮಳೆಗಾಲದಲ್ಲೇ ಗದ್ದೆಯಲ್ಲಿ ನಾಟಿ, ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಔಷಧಿ) ಸಿಂಪಡಣೆ. ತಾಯಿ ನಾಟಿಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ದನ ಕಟ್ಟುವುದು ಎಂಟನೆಯ ತರಗತಿಯ ಹುಡುಗಿಯ ಪಾಲಿಗೆ. ಅಭ್ಯಾಸಕ್ಕೆ ನಿಂತರೆ ಬಸ್ಸು ತಪ್ಪುತ್ತದೆ, ಕಾಡುದಾರಿಯಲ್ಲಿ ಕತ್ತಲಾಗುತ್ತದೆ.

ಪಾಲಕರ ಸಭೆಯಲ್ಲಿ ಈ ಮಾತು ಬಗೆಹರಿಯುವುದಿಲ್ಲ. ಅಲ್ಲಿ ಸಹಿ ಹಾಕಿ ಹೊರಡುವವರೇ ಹೆಚ್ಚು. ಆದ್ದರಿಂದ ಜೂನ್‌ನಲ್ಲಿ, ತಂಡ ಆರಿಸುವ ಮೊದಲೇ, ಮನೆಗಳಿಗೆ ಹೋಗುತ್ತೇನೆ. ಜಗಲಿಯಲ್ಲಿ ಮಾತನಾಡುವುದು ತಂದೆ, ತೀರ್ಮಾನವಾಗುವುದು ಒಳಮನೆಯಲ್ಲಿ. ಹಾಗಾಗಿ ತಾಯಿ, ಅಜ್ಜಿ ಬಂದು ಕೂರುವವರೆಗೆ ವಿಷಯ ಎತ್ತುವುದಿಲ್ಲ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಮೇಷ್ಟ್ರೇ, ಇವಳನ್ನು ಮನೆಗೆ ಮುಟ್ಟಿಸುವವರು ಯಾರು?”

ನ್ಯಾಯವಾದ ಪ್ರಶ್ನೆ. ಉತ್ತರ ಸಿಕ್ಕಿದ್ದು ಹಾಲಿನ ಡೈರಿಯಲ್ಲಿ. ಸಂಜೆ ಹಾಲು ಹಾಕಲು ಬರುವ ತಂದೆಯಂದಿರ ಹೊತ್ತಿಗೆ ಅಭ್ಯಾಸ ಮುಗಿಯುವಂತೆ ಸಮಯ ಹೊಂದಿಸಿದೆ. ಒಂದೇ ದಾರಿಯ ಹುಡುಗಿಯರು ಒಬ್ಬರ ಜೀಪಿನಲ್ಲೋ, ಒಬ್ಬರ ಜೊತೆ ಕಾಲುನಡಿಗೆಯಲ್ಲೋ ಹಿಂತಿರುಗುತ್ತಾರೆ. ನಾಟಿ ಜೋರಾಗಿರುವ ವಾರ ಯಾವ ದಿನ ಬಿಡಬಲ್ಲಿರಿ ಎಂದು ಕೇಳಿ, ಆ ದಿನಗಳನ್ನೇ ಹಿಡಿಯುತ್ತೇನೆ.

ಮಳೆಗೂ ದಾರಿ ತೋರಿಸಿದವರು ಪಾಲಕರೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಅಂಗಳವೂ ಜುಲೈನಲ್ಲಿ ಕೆಸರುಗದ್ದೆ. ಮಳೆಗಾಲದಲ್ಲಿ ಖಾಲಿ ಬಿದ್ದಿರುವ ತಮ್ಮ ಅಡಿಕೆ ಒಣಗಿಸುವ ಶೆಡ್ಡನ್ನು ಒಬ್ಬರು ಬಿಟ್ಟುಕೊಟ್ಟರು. ಸಿಮೆಂಟ್ ನೆಲದ ಮೇಲೆ ಡೈವ್ ಮಾಡಿಸುವುದಿಲ್ಲ. ಕೂತಲ್ಲಿಂದ ಏಳುವುದು, ಖೋ ಕೊಡುವುದು, ಕಂಬ ಸುತ್ತುವುದು ಇಷ್ಟೇ.

ಪಂದ್ಯದ ದಿನದ ಕಥೆ ಬೇರೆ. ಅಂಕಣದ ಪಕ್ಕ ನಿಂತ ತಂದೆ “ಹಿಂದೆ, ಹಿಂದೆ!” ಎಂದು ಕೂಗುತ್ತಾರೆ. ಖೋ ಖೋದಲ್ಲಿ ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ದಾಟುವವರೆಗೆ ತಿರುಗುವಂತಿಲ್ಲ, ಮಧ್ಯದ ಪಟ್ಟಿ ದಾಟುವಂತಿಲ್ಲ. ಅಪ್ಪನ ದನಿಗೆ ಮಗಳ ಭುಜ ಹಿಂದಕ್ಕೆ ಹೊರಳುತ್ತದೆ, ಪೀಪಿ ಊದುತ್ತದೆ, ಸಿಗಬೇಕಾದ ಓಟಗಾರ್ತಿ ಉಸಿರು ಎಳೆದುಕೊಂಡು ದೂರ ಸರಿದಿರುತ್ತಾಳೆ. ಅದಕ್ಕೇ ವಲಯ ಪಂದ್ಯಕ್ಕೆ ಮುಂಚೆ ಒಂದು ಸಂಜೆ ತಂದೆ ತಾಯಂದಿರನ್ನೇ ಚೌಕಗಳಲ್ಲಿ ಕೂರಿಸುತ್ತೇನೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಸೀರೆ ಸೆರಗು ಸಿಕ್ಕಿಸಿಕೊಂಡು ಒಬ್ಬ ತಾಯಿ ಎದ್ದು ಓಡಿ, ತಿರುಗಲು ಹೋಗಿ, ತಾವೇ ಫೌಲ್ ಎಂದು ನಿಂತುಬಿಟ್ಟರು. ಮೈದಾನದ ಹೊರಗಿನಿಂದ ದಿಕ್ಕು ಹೇಳಬಾರದೆಂಬುದು ಆಮೇಲೆ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಈಗ ಅವರಿಗೆ ಬೇರೆ ಕೆಲಸಗಳಿವೆ: ಸಮಯ ನೋಡುವುದು, ಒಣಬಟ್ಟೆ, ಬಿಸಿನೀರು.

ಒಬ್ಬ ತಾಯಿಯಾದರೂ ತಂಡದ ಜೊತೆ ಬರಲೇಬೇಕೆಂದು ಪಟ್ಟು ಹಿಡಿಯುತ್ತೇನೆ. ಮುಟ್ಟಿನ ಹೊಟ್ಟೆನೋವನ್ನು ಹುಡುಗಿಯರು ನನಗೆ ಹೇಳುವುದಿಲ್ಲ, ಹಲ್ಲು ಕಚ್ಚಿ ಆಡುತ್ತಾರೆ. ಆ ತಾಯಿ ಬಂದು “ಇವತ್ತು ಇವಳನ್ನು ಕೂರಿಸಿ” ಎಂದರೆ ನಾನು ಕಾರಣ ಕೇಳುವುದಿಲ್ಲ.

ಸಿಇಟಿಯ ಕ್ರೀಡಾ ಕೋಟಾದ ಆಸೆಯನ್ನು ಯಾವ ಮನೆಯಲ್ಲೂ ಹುಟ್ಟಿಸುವುದಿಲ್ಲ. ವಲಯ, ತಾಲ್ಲೂಕು ಮಟ್ಟದ ಪ್ರಮಾಣಪತ್ರಕ್ಕೆ ಆ ಸೀಟು ಸಿಗದು. ಎಸ್ಸೆಸ್ಸೆಲ್ಸಿಗೆ ಬಂದ ಮಗಳನ್ನು ಆಟ ಬಿಡಿಸುವವರು ಈಗಲೂ ಇದ್ದಾರೆ. ಕ್ರೀಡಾಕೂಟ ಮುಗಿಯುವವರೆಗೆ ಮಾತ್ರ ಕಳಿಸಿ, ಆಮೇಲೆ ವಿಶೇಷ ತರಗತಿಗೆ ನಾನೇ ಕೂರಿಸುತ್ತೇನೆ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದ ಮನೆಗೆ, ಅವಳ ತಂಗಿ ಎಂಟನೆಯ ತರಗತಿಗೆ ಬಂದಾಗ ಮತ್ತೆ ಹೋಗುತ್ತೇನೆ.