ಅಕ್ಷರ ಬಿಟ್ಟೆ, ಕಿವಿ ಹಿಡಿದೆ: ರೈಲ್ವೆ ಹುಡುಗರಿಗೆ ಕನ್ನಡ ಕಲಿಸಿದ ನನ್ನ ಅನುಭವ

ಸ್ಪೋಕನ್ ಕನ್ನಡ ಕ್ಲಾಸು ನಡೆಸುವವರಿಗೆ ಒಂದು ಮಾತು. ಮೊದಲ ಎರಡು-ಮೂರು ವಾರ ಅಕ್ಷರ ತೆಗೀಬೇಡಿ. ಮಾತಾಡಿ ಅಂತ ಪೀಡಿಸಲೂ ಬೇಡಿ. ಬರೀ ಕೇಳಿಸಿ. ನಾನು ಹೀಗಂದಾಗ ಧಾರವಾಡದ ಹಿರಿಯ ಮಾಸ್ತರರೊಬ್ಬರು, "ಏನವ್ವಾ, ಫೀ ತಗೊಂಡು ರೇಡಿಯೋ ಕೇಳಸ್ತೀಯೇನು?" ಅಂತ ನಕ್ಕಿದ್ದರು. ಹೋದ ವರ್ಷ ಅವರೇ ಫೋನ್ ಮಾಡಿ ನನ್ನ ಆಡಿಯೋ ಇಸ್ಕೊಂಡರು. ಕೊಟ್ಟೆ, ಪೂರ್ತಿ ಕೊಡಲಿಲ್ಲ.

ನನ್ನ ಕ್ಲಾಸು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲೇ ಇದೆ. ಬರುವವರಲ್ಲಿ ಬಿಹಾರ, ಒಡಿಶಾದ ರೈಲ್ವೆ ಹುಡುಗರೇ ಜಾಸ್ತಿ.

ಶುರುವಿನಲ್ಲಿ ಎಲ್ಲರ ಹಾಗೆ ಪುಸ್ತಕ ಮಾಡಿಸಿದೆ. ಮುದ್ರಣಕ್ಕೇ ಸುಮಾರು 18,000 ಹೋಯಿತು. ಅದರಲ್ಲಿ 'ಎಲ್ಲಿದೆ', 'ಹೋಗುತ್ತೇನೆ'. ಹುಡುಗರು ಬಾಯಿಪಾಠ ಮಾಡಿಕೊಂಡು ದುರ್ಗದ ಬೈಲಿನ ಮಾರ್ಕೆಟ್ಟಿಗೆ ಹೋದರೆ ಅಲ್ಲಿ 'ಎಲ್ಲೈತ್ರಿ', 'ಹೊಂಟೀನ್ರಿ'. ಉಳಿದ ಪುಸ್ತಕ ರದ್ದಿಗೆ ಹೋದವು, ಕೈಗೆ ಬಂದದ್ದು ಇನ್ನೂರೋ ಮುನ್ನೂರೋ.

ಆಮೇಲೆ ಮೈಕು ತಂದು ನನ್ನ ದನಿಯಲ್ಲೇ ಹುಬ್ಬಳ್ಳಿ ಮಾತು ರೆಕಾರ್ಡ್ ಮಾಡಿದೆ. ಕ್ಲಾಸಿನಲ್ಲಿ ಎಲ್ಲರೂ ಜಾಣರು, ನಾನು ಏನು ಕೇಳಿದರೂ ಉತ್ತರ. ಹೊರಗೆ ಕಾಯಿಪಲ್ಲೆ ಮಾರುವ ಅಜ್ಜಿ ಬಾಯಿ ತೆರೆದರೆ ಎಲ್ಲರೂ ಮೂಕರು. "ಮೇಡಂ, ನಿಮ್ಮ ಕನ್ನಡ ತಿಳೀತದ, ಊರಿನ ಕನ್ನಡ ತಿಳಿಯಂಗಿಲ್ಲ" ಅಂದ ಒಬ್ಬ. ಆ ಬ್ಯಾಚಿನ ಅರ್ಧ ಫೀ ವಾಪಸ್ ಕೊಟ್ಟೆ. ಮನೆಯವರು ಅದನ್ನು ಈಗಲೂ ಎತ್ತಾಡುತ್ತಾರೆ.

ದಾರಿ ಸಿಕ್ಕಿದ್ದು ಜಪಾನಿಗಳಿಂದ. ಅವರ ಕಿವಿಗೆ ಇಂಗ್ಲಿಷಿನ ರ, ಲ ಎರಡೂ ಒಂದೇ. 1991ರಲ್ಲಿ ಅಮೆರಿಕದ ಸಂಶೋಧಕರು ಅವರಿಗೆ ಹಲವರ ದನಿಯಲ್ಲಿ ಹಲವು ಪದ ಕೇಳಿಸಿದರು. ಪ್ರತಿ ಉತ್ತರಕ್ಕೂ ಸರಿಯೋ ತಪ್ಪೋ ಆಗಲೇ ಹೇಳಿದರು. ಕೆಲವೇ ವಾರದಲ್ಲಿ ಕಿವಿ ಸುಧಾರಿಸಿತು. ಒಬ್ಬರದೇ ದನಿ ಕೇಳಿದರೆ ಮೆದುಳು ಆ ದನಿಯನ್ನೇ ಕಲಿಯುತ್ತದೆ. ಹತ್ತು ದನಿ ಬಂದಾಗ, ಹತ್ತರಲ್ಲೂ ಬದಲಾಗದೆ ಉಳಿಯುವುದು ಯಾವುದು ಅಂತ ಹುಡುಕತೊಡಗುತ್ತದೆ.

ಸರಿ, ಫೋನು ಹಿಡಿದು ಊರು ಸುತ್ತಿದೆ. ಆಟೋದವರು, ಜನತಾ ಬಜಾರಿನ ಹೂವಿನವರು, ಕಂಡಕ್ಟರು, ಓಣಿಯ ಮಕ್ಕಳು, ಹಲ್ಲಿಲ್ಲದ ಒಬ್ಬ ಅಜ್ಜ. ಎಲ್ಲ ಸೇರಿ ಮೂವತ್ತರ ಹತ್ತಿರ ದನಿ. ಖರ್ಚು ಅಂದರೆ ಚಹಾ, ಮಿರ್ಚಿ, ಗಿರಮಿಟ್ಟು. ಸಾವಿರ-ಸಾವಿರದ ಐನೂರರಲ್ಲಿ ಮುಗಿಯಿತು. ಸದ್ದು-ಗದ್ದಲ ಇರುವ ರೆಕಾರ್ಡಿಂಗೇ ಒಳ್ಳೆಯದು, ತೆಗೆಯಬೇಡಿ.

ಪಾಠ ಹೀಗೆ. ಟೇಬಲ್ ಮೇಲೆ ಎರಡು ಚಿತ್ರ, ಒಂದು ಹಲ್ಲಿ, ಇನ್ನೊಂದು ಹಳ್ಳಿ. ಅಜ್ಜನ ದನಿ ಬರುತ್ತದೆ, ಹುಡುಗ ಒಂದು ಚಿತ್ರ ಮುಟ್ಟಬೇಕು. ನಾನು ತಕ್ಷಣ 'ಹೌದು' ಅಥವಾ 'ಅಲ್ಲ' ಅಂತೀನಿ, ಅಷ್ಟೇ. ವಿವರಣೆ ಇಲ್ಲ, ನಾಲಿಗೆ ಮಡಚಿ ತೋರಿಸುವುದೂ ಇಲ್ಲ. ಹಿಂದಿ ಹುಡುಗರಿಗೆ ಮೊದಲು ಎರಡೂ 'ಹಲ್ಲಿ'ಯೇ. ಸುಮ್ನೆ ಅಂದಾಜಿನ ಮೇಲೆ ಮುಟ್ಟುತ್ತಾರೆ, ಹತ್ತಕ್ಕೆ ಐದು ಸರಿ. ಎರಡನೇ ವಾರದ ಕೊನೆಗೆ ಎಂಟರ ಮೇಲೆ ಹೋಗುತ್ತಾರೆ. ತಮಾಷೆ ಅಂದರೆ, ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರಿಗೇ ಹೇಳಲು ಬರುವುದಿಲ್ಲ. ಯಾವ ಜೋಡಿ ಮೊದಲು, ಯಾವುದು ಆಮೇಲೆ ಅನ್ನುವುದು ನನ್ನ ಹೊಟ್ಟೆಪಾಡು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು, ಬ್ಯಾಚನ್ನು ಮನೆಮಾತಿನ ಪ್ರಕಾರ ಒಡೆಯಿರಿ. ಒಡಿಯಾದಲ್ಲಿ ಳ ಇದೆ, ಅವರಿಗೆ ಹಳ್ಳಿ-ಹಲ್ಲಿ ನೀರು ಕುಡಿದಷ್ಟು ಸುಲಭ. ಆದರೆ 'ಕುಡಿ', 'ಕೂಡಿ' ಅಂದರೆ ಒದ್ದಾಡುತ್ತಾರೆ, ಗಿಡ್ಡ-ಉದ್ದದ ಲೆಕ್ಕ ಅವರ ಮಾತಿನಲ್ಲಿ ಉಳಿದಿಲ್ಲ. ಹಿಂದಿಯವರಿಗೆ ಅದು ಸಲೀಸು. 'ನನಗೆ ಬೇಕು' ಅನ್ನುವ ಜೋಡಣೆ 'ಮುಝೇ ಚಾಹಿಯೇ'ದಲ್ಲೇ ಇದೆ, ಅದಕ್ಕೆ ಒಂದು ಗಂಟೆಯೂ ದಂಡ.

ಅರ್ಥ ತಿಳಿಯದೆ ಕೇಳಿ ಏನು ಉಪಯೋಗ ಅಂತ ನಮ್ಮ ಮನೆಯವರ ವಾದ. ಅದಕ್ಕೆ ನನ್ನ ಮೇಲೇ ಪ್ರಯೋಗ ಮಾಡಿಕೊಂಡೆ. ಅಡುಗೆ ಮಾಡುವಾಗ ದಿನಾ ಒಡಿಯಾ ವಾರ್ತೆ ಹಾಕಿದೆ. ಒಂದೂವರೆ ತಿಂಗಳಾದರೂ ಅರ್ಥ ಸೊನ್ನೆ. ಆದರೆ ಮೊದಲು ಒಂದೇ ಉಸಿರಿನಂತೆ ಇದ್ದದ್ದು ಪದಪದವಾಗಿ ಬಿಡಿಸಿಕೊಂಡು ಕೇಳತೊಡಗಿತು. 1996ರ ಒಂದು ಪ್ರಯೋಗದಲ್ಲಿ 8 ತಿಂಗಳ ಕೂಸುಗಳು, ಎಲ್ಲೂ ನಿಲ್ಲದ ಸುಳ್ಳು ಭಾಷೆಯನ್ನು 2 ನಿಮಿಷ ಕೇಳಿ, ಪದ ಎಲ್ಲಿ ಒಡೆಯುತ್ತದೆ ಅಂತ ಹಿಡಿದಿದ್ದವು. ಯಾವ ಶಬ್ದದ ಹಿಂದೆ ಯಾವುದು ಜಾಸ್ತಿ ಬರುತ್ತದೆ ಅನ್ನುವ ಎಣಿಕೆಯ ಮೇಲೆ. ಈ ಎಣಿಕೆ ನನ್ನ ವಯಸ್ಸಿನಲ್ಲೂ ನಡೀತದೆ ಅಲ್ವಾ ಅಂತ ಖುಷಿಯಾಯಿತು.

ಇಯರ್‌ಫೋನ್ ಹಾಕಿಕೊಂಡು ಮಲಗಿ ಕಲಿಯುವ ಹುಚ್ಚನ್ನೂ ನೋಡಿಯಾಯಿತು. ನಾಲ್ಕೈದು ಹುಡುಗರ ನಿದ್ದೆ ಕೆಟ್ಟಿತು, ಒಂದು ಪದವೂ ಬರಲಿಲ್ಲ. ಕೇಳಿ ಆದಮೇಲೆ ಮಲಗುವುದು ಮಾತ್ರ ಬೇರೆ. ಆ ದಿನ ಕಲಿತದ್ದನ್ನು ಮೆದುಳು ನಿದ್ದೆಯಲ್ಲೇ ಗಟ್ಟಿ ಮಾಡಿಕೊಳ್ಳುತ್ತದೆ. ಹಾಗಾಗಿ ನೈಟ್ ಡ್ಯೂಟಿ ಮುಗಿಸಿ ಬರುವವರಿಗೆ ಬೆಳಿಗ್ಗೆ ಕ್ಲಾಸು ಇಟ್ಟೆ. ಅರ್ಧ ಗಂಟೆ ಕೇಳು, ಹೋಗಿ ಮಲಗು. ಈಗ ಆ ಬ್ಯಾಚೇ ಮೊದಲು ತುಂಬುತ್ತದೆ. ಫೀಯೂ 1,500ರಿಂದ 2,500 ಆಗಿದೆ. ಯಾರೂ ಚೌಕಾಸಿ ಮಾಡಿಲ್ಲ.

ಈಗ ತಲೆನೋವು ಮಲಯಾಳಿ ನರ್ಸ್ ಹುಡುಗಿಯರದ್ದು. ಕಿವಿ ಪಾಠ ಅವರಿಗೆ ಬೇಕೇ ಇಲ್ಲ. ಳ, ಗಿಡ್ಡ-ಉದ್ದ ಎಲ್ಲ ಮನೆಯಿಂದಲೇ ತಂದಿರುತ್ತಾರೆ. ಆದರೆ ಅವರ ಮಾತಿನಲ್ಲಿ ನಾನು, ನೀನು, ಅವಳು ಎಲ್ಲರಿಗೂ ಕ್ರಿಯಾಪದ ಒಂದೇ. 'ನಾನು ಬಂದ', 'ಡಾಕ್ಟರ್ ಮೇಡಂ ಬಂದ' ಅಂತಾರೆ. ಇದಕ್ಕೂ ಚಿತ್ರ ಮುಟ್ಟುವ ಆಟವನ್ನೇ ಹೂಡಿದ್ದೇನೆ. ಯಾರು ಬಂದರು ಅನ್ನುವುದನ್ನು ಹೇಳದೆ ಬರೀ 'ಬಂದ್ಳು', 'ಬಂದೆ', 'ಬಂದ್ರು' ಕೇಳಿಸಿ, ಯಾರ ಚಿತ್ರ ಅಂತ ಕೇಳುವುದು. ಸದ್ಯಕ್ಕೆ ಹತ್ತಕ್ಕೆ ಆರು ಸರಿ ಬರ್ತಾ ಇದೆ.