ನಾಣ್ಯದ ವೃತ್ತದೊಳಗೆ ಕೂರದ ಗುರು

ಗುರುಗ್ರಹದ ಚಿತ್ರ ಬರೆಯುವಾಗ ನಾನು ಮೊದಲು ಕಾಗದದ ಮೇಲೆ ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆಯುತ್ತಿದ್ದೆ. ದೂರದರ್ಶಕದಲ್ಲಿ ಕಂಡ ಪಟ್ಟೆಗಳನ್ನು ಆ ವೃತ್ತದೊಳಗೆ ತುಂಬಿದರೆ ಮೇಲೂ ಕೆಳಗೂ ಜಾಗ ಮಿಕ್ಕುತ್ತಿತ್ತು. ತಪ್ಪು ನನ್ನ ಕೈಯದೆಂದೇ ಬಹಳ ದಿನ ನಂಬಿದ್ದೆ. ತಪ್ಪು ನಾಣ್ಯದ್ದು. ಗುರು ದುಂಡಗಿಲ್ಲ.

ಅದನ್ನು ಅಳೆದೇ ತಿಳಿಯಬೇಕೆಂದು 2024ರ ಡಿಸೆಂಬರ್‌ನಲ್ಲಿ ಹೊರಟೆ. ಆ ತಿಂಗಳ 7ರಂದು ಗುರು ಸೂರ್ಯನಿಗೆ ನೇರ ಎದುರು ಬಂದಿತ್ತು. ನಡುರಾತ್ರಿಯ ಹೊತ್ತಿಗೆ ರೋಹಿಣಿ ನಕ್ಷತ್ರದ ಸಮೀಪ, ಹೆಚ್ಚುಕಡಿಮೆ ನೆತ್ತಿಯ ಮೇಲೆ ಇರುತ್ತಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಅಡಿಕೆ ಬೇಯಿಸುವ ಒಲೆಯ ಬಿಸಿಗಾಳಿಗೆ ಅಂಗಳದಿಂದ ನೋಡಿದರೆ ಗ್ರಹ ನೀರಿನಡಿಯ ಕಲ್ಲಿನಂತೆ ನಡುಗುತ್ತಿತ್ತು. ಎಂಟು ಇಂಚಿನ ದೂರದರ್ಶಕವನ್ನು ಗದ್ದೆಯ ಅಂಚಿಗೆ ಹೊತ್ತೊಯ್ದು, ಕನ್ನಡಿ ತಣಿಯಲು ಒಂದು ಗಂಟೆ ಬಿಟ್ಟೆ. ಇಬ್ಬನಿ ಇಳಿಯುವ ಮೊದಲು ಕೆಲಸ ಮುಗಿಯಬೇಕಿತ್ತು.

ನೇತ್ರಮಸೂರಕ್ಕೆ ಮೊಬೈಲ್ ಕಟ್ಟಿ ಬೆಳಕು ತಗ್ಗಿಸಿ ವಿಡಿಯೊ ತೆಗೆದೆ. ಬೆಳಕು ಹೆಚ್ಚಾದರೆ ಗ್ರಹದ ಅಂಚು ಉಬ್ಬಿ ಅಳತೆ ಕೆಡುತ್ತದೆ. ಸ್ಪಷ್ಟವಾದ ಒಂದು ಚಿತ್ರವನ್ನು ಆರಿಸಿ ಅಡ್ಡ, ಉದ್ದ ಎಣಿಸಿದೆ: 169 ಮತ್ತು 164 ಪಿಕ್ಸೆಲ್. ಅನುಪಾತ 0.97. ಪುಸ್ತಕದ ಲೆಕ್ಕಕ್ಕೆ ಇದು ಹೊಂದಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು: ಚಿತ್ರದಲ್ಲಿ ಗ್ರಹ ಓರೆಯಾಗಿತ್ತು, ನಾನು ಚಿತ್ರದ ಚೌಕಟ್ಟನ್ನು ನೆಚ್ಚಿ ಅಳೆದಿದ್ದೆ. ಗುರುವಿನ ಪಟ್ಟೆಗಳು ಅದರ ಸಮಭಾಜಕಕ್ಕೆ ಸಮಾನಾಂತರ, ನೆಚ್ಚಬೇಕಾದದ್ದು ಅವುಗಳನ್ನು. ಪಟ್ಟೆಗಳು ಅಡ್ಡಲಾಗಿ ನಿಲ್ಲುವವರೆಗೆ ಚಿತ್ರವನ್ನು ಸುಮಾರು 30 ಡಿಗ್ರಿ ತಿರುಗಿಸಿ ಮತ್ತೆ ಅಳೆದೆ: 172 ಮತ್ತು 161. ಅನುಪಾತ 0.936!

ಗುರುವಿನ ಸಮಭಾಜಕದ ವ್ಯಾಸ 1,42,984 ಕಿ.ಮೀ., ಧ್ರುವದಿಂದ ಧ್ರುವಕ್ಕೆ 1,33,708 ಕಿ.ಮೀ. ಅನುಪಾತ 0.935. ವ್ಯತ್ಯಾಸ 9,276 ಕಿ.ಮೀ.; ಭೂಮಿಯಲ್ಲಿ ಅದು ಬರೀ 43 ಕಿ.ಮೀ. ಭೂಮಿಗಿಂತ ಹನ್ನೊಂದು ಪಟ್ಟು ಅಗಲದ ಈ ಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ. ಸಮಭಾಜಕದಲ್ಲಿ ಅದರ ವೇಗ ಸೆಕೆಂಡಿಗೆ 12 ಕಿ.ಮೀ.ಗೂ ಮೀರಿದ್ದು. ಮೈಯೆಲ್ಲ ಬಹುಪಾಲು ಜಲಜನಕ, ಹೀಲಿಯಂ. ಸರಾಸರಿ ಸಾಂದ್ರತೆ ನೀರಿನ 1.33 ಪಟ್ಟು ಅಷ್ಟೆ. ಅಂಥ ಮೈ ಅಷ್ಟು ರಭಸದಲ್ಲಿ ತಿರುಗಿದರೆ ನಡು ಉಬ್ಬದೆ ಇರುತ್ತದೆಯೇ? ಆ ವೇಗವನ್ನೂ ಕಣ್ಣಾರೆ ಕಂಡೆ. ಒಂದು ರಾತ್ರಿ ನಟ್ಟನಡುವೆ ಇದ್ದ ದೊಡ್ಡ ಕೆಂಪು ಚುಕ್ಕೆ ಎರಡು ದಿನ ಬಿಟ್ಟು ನೋಡಿದಾಗ ಅದೇ ಜಾಗಕ್ಕೆ ಒಂದೂವರೆ ಗಂಟೆಗಿಂತ ತುಸು ತಡವಾಗಿ ಬಂತು. ಅಷ್ಟರಲ್ಲಿ ಗುರು ಐದು ಸುತ್ತು ಹಾಕಿಯಾಗಿತ್ತು.

ಈಗ ನಾಣ್ಯ ಬಳಸುವುದಿಲ್ಲ. ಒಣಗಿದ ಅಡಿಕೆ ಹಾಳೆಯಲ್ಲಿ ಹತ್ತು ಸೆಂಟಿಮೀಟರ್ ಅಗಲ, ಒಂಬತ್ತೂ ಕಾಲಿಗಿಂತ ಕೂದಲೆಳೆಯಷ್ಟು ಹೆಚ್ಚು ಎತ್ತರದ ಅಂಡಾಕಾರ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಸುತ್ತ ಗೆರೆ ಎಳೆದು ಬರೆದರೆ ಪಟ್ಟೆಗಳೆಲ್ಲ ಸರಿಯಾಗಿ ಕೂರುತ್ತವೆ.