ಮಂಡಿಯ ಮೆನಿಸ್ಕಸ್ ಹರಿದಾಗ ಏನು ಮಾಡಬೇಕು, ಏನು ಮಾಡಬಾರದು

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಇಳಿಜಾರಿನಲ್ಲಿ ಪಾದ ಕೆಸರಿನಲ್ಲಿ ಹೂತುಕೊಂಡು ಮೈ ಮಾತ್ರ ತಿರುಗಿದರೆ ಮಂಡಿಯೊಳಗಿನ ಮೆನಿಸ್ಕಸ್ ಹರಿಯಬಹುದು. ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ, ಒಳಬದಿಗೊಂದು ಹೊರಬದಿಗೊಂದು, ಅರ್ಧಚಂದ್ರದಂತೆ ಕೂತಿರುವ ಮೆತ್ತೆ ಇದು. ಕಾಲು ನೇರವಿದ್ದಾಗ ಮಂಡಿಯ ಭಾರದ ಸುಮಾರು ಅರ್ಧವನ್ನು, 90 ಡಿಗ್ರಿ ಮಡಚಿದಾಗ ಸುಮಾರು ಶೇ 85ರಷ್ಟನ್ನು ಇದೇ ಹೊರುತ್ತದೆ. ಕುಕ್ಕರಗಾಲಲ್ಲಿ ಕೂತಾಗ, ಕಾಫಿ ಚೀಲ ಎತ್ತಿ ತಿರುಗಿದಾಗ ನೋವು ಚುಚ್ಚುವುದು ಅದಕ್ಕೇ.

ಊತ ಯಾವಾಗ ಬಂತು ಎಂಬುದನ್ನು ನೆನಪಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಒಂದೆರಡು ಗಂಟೆಯಲ್ಲೇ ಊದಿದರೆ ಒಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಮಂಡಿಯೊಳಗೆ ಎರಡು ಮೂಳೆಗಳನ್ನು ಬಿಗಿದು ಹಿಡಿಯುವ ಎಸಿಎಲ್ ಎಂಬ ಲಿಗಮೆಂಟ್ (ಕಟ್ಟು) ಹರಿದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ಮೆನಿಸ್ಕಸ್‌ನ ಊತ ಸಾಮಾನ್ಯವಾಗಿ ನಿಧಾನ, ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ಬೆಂಚಿನ ಮೇಲೆ ಮಂಡಿ ಮಡಚಿ ಕೂತು ಚಿಪ್ಪಿನ ಕೆಳಗೆ ಎರಡೂ ಬದಿಯ ಗುಳಿ ಹುಡುಕಿ. ಅಲ್ಲಿಂದ ಹೆಬ್ಬೆರಳನ್ನು ಹಿಂದಕ್ಕೆ ಸರಿಸಿದರೆ ಎರಡು ಮೂಳೆ ಸೇರುವ ಗೆರೆ ಸಿಗುತ್ತದೆ. ಆ ಗೆರೆಯ ಮೇಲೇ ಒತ್ತಿದಾಗ ಹಿಂಡುವ ನೋವಿದ್ದರೆ ಅನುಮಾನ ಬಲವಾಗುತ್ತದೆ.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ, ಎರಡು ಮೂರು ಗಂಟೆಗೊಮ್ಮೆ ಇಡಿ. ಕ್ರೇಪ್ ಬ್ಯಾಂಡೇಜು ಬೆರಳು ಜೋಮು ಹಿಡಿಯದಷ್ಟು ಸಡಿಲವಿರಲಿ. ಊರುಗೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಉಳುಕು ತೆಗೆಸುತ್ತೇವೆ ಎಂದು ಎಣ್ಣೆ ಹಚ್ಚಿ ನೀವಿಸಿ, ಕಾಲು ಎಳೆಸಿ ತಿರುಚಿಸುವುದನ್ನು ದಯವಿಟ್ಟು ಮಾಡಬೇಡಿ. ಚಿಕ್ಕ ಹರುಕು ದೊಡ್ಡದಾಗುವುದು ಹಾಗೆಯೇ.

ಕಾಲು ಮಡಚಿದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ಹರಿದ ತುಂಡು ಕೀಲಿನ ನಡುವೆ ಸಿಲುಕಿರಬಹುದು. ಬಲವಂತ ಮಾಡದೆ ಒಂದೆರಡು ದಿನದೊಳಗೆ ಮೂಳೆ ಡಾಕ್ಟರನ್ನು ಕಾಣಿ. ಜ್ವರದ ಜೊತೆ ಮಂಡಿ ಬಿಸಿಯಾಗಿ ಊದಿದ್ದರೆ ಅದೇ ದಿನ ಹೋಗಬೇಕು.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೆನಿಸ್ಕಸ್ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಆದರೆ ನಲವತ್ತು ದಾಟಿದ ಎಷ್ಟೋ ಜನರ ಎಂಆರ್‌ಐಯಲ್ಲಿ ನೋವೇ ಇಲ್ಲದಿದ್ದರೂ ಸವೆತದಿಂದಾದ ಹರುಕು ಕಾಣುತ್ತದೆ. ಫಿನ್ಲೆಂಡ್‌ನಲ್ಲಿ ಇಂಥ ಸವೆತದ ಹರುಕಿದ್ದ 146 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಬರೀ ತೋರಿಕೆಯದು ಮಾಡಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ವರ್ಷದ ಮೇಲೆ ಎರಡೂ ಗುಂಪಿನವರ ನೋವಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ರಿಪೋರ್ಟ್ ನೋಡಿ ಹೆದರಿ ಆಪರೇಷನ್‌ಗೆ ಓಡಬೇಕಿಲ್ಲ.

ಕಾಲು ಸಿಕ್ಕಿಕೊಳ್ಳದಿದ್ದರೆ ಮೊದಲ ಮದ್ದು ವ್ಯಾಯಾಮ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತುತ್ತಾ ತೊಡೆ ಬಿಗಿ ಮಾಡಿ 5 ಸೆಕೆಂಡ್ ಹಿಡಿಯಿರಿ: 10 ಸಲ, ದಿನಕ್ಕೆ ಮೂರು ಬಾರಿ. ನಂತರ ಕಾಲನ್ನು ನೇರವಾಗಿಟ್ಟು ಒಂದಡಿ ಎತ್ತುವುದು. ಊತ ಇಳಿದ ಮೇಲೆ ಗೋಡೆಗೆ ಒರಗಿ 45 ಡಿಗ್ರಿಯವರೆಗೆ ಮಾತ್ರ ಬಗ್ಗುವುದು. ಮರುದಿನ ಊತ ಹೆಚ್ಚಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಫಲ ಕಾಣಲು 6ರಿಂದ 12 ವಾರ ಬೇಕು, ಎರಡೇ ವಾರಕ್ಕೆ ಬಿಡಬೇಡಿ. ಅಲ್ಲಿಯವರೆಗೆ ಕಮೋಡ್ ಬಳಸಿ, ನೆಲದ ಮೇಲೆ ಕೂರಬೇಡಿ.

ಆಪರೇಷನ್ ಬೇಕೇ ಬೇಕೆಂದಾದರೆ "ಹೊಲಿಯಲು ಆಗುತ್ತದೆಯೇ, ಕತ್ತರಿಸಲೇಬೇಕೇ?" ಎಂದು ಕೇಳಿ. ರಕ್ತ ಹರಿಯುವುದು ಮೆತ್ತೆಯ ಹೊರ ಅಂಚಿಗೆ ಮಾತ್ರ. ಅಲ್ಲಿಯ ಹರುಕು ಹೊಲಿದರೆ ಕೂಡಿಕೊಳ್ಳುತ್ತದೆ. ಕತ್ತರಿಸಿದರೆ ಬೇಗ ಓಡಾಡಬಹುದು, ಆದರೆ ಹೋದ ಮೆತ್ತೆ ಮತ್ತೆ ಬೆಳೆಯುವುದಿಲ್ಲ, ಮುಂದೆ ಮಂಡಿ ಸವೆಯುವ ಅಪಾಯ ಹೆಚ್ಚು. ಹೊಲಿಸಿಕೊಂಡವರು ಸುಮಾರು 4–6 ವಾರ 90 ಡಿಗ್ರಿಗಿಂತ ಹೆಚ್ಚು ಮಡಚುವಂತಿಲ್ಲ, ಕುಕ್ಕರಗಾಲು ನಾಲ್ಕು ತಿಂಗಳಾದರೂ ಬೇಡ. ಕುಯ್ಲಿನ ಕೆಲಸವನ್ನು ಆ ಲೆಕ್ಕದಲ್ಲೇ ಇನ್ನೊಬ್ಬರಿಗೆ ವಹಿಸಿ. ಆಪರೇಷನ್ ಆದ ಮೇಲೆ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ರಕ್ತ ಹೆಪ್ಪುಗಟ್ಟಿರಬಹುದು. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ.